ಮೂಗೇ ಪ್ರಮಾಣ

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಬಾರ್ಡ್ಸ್‌ಟೌನ್ ಎಂಬುದೊಂದು ಚಿಕ್ಕ ಊರು. ಅದರ ಸುತ್ತಣ ಏರುತಗ್ಗಿನ ಹುಲ್ಲುಗಾವಲುಗಳ ನಡುವೆ, ತಗಡಿನ ಹೊದಿಕೆಯ, ಆರೇಳು ಅಂತಸ್ತಿನ, ಸಾಲುಸಾಲು ಸಣ್ಣ ಕಿಟಕಿಗಳುಳ್ಳ ಉಗ್ರಾಣಗಳು ನಿಂತಿವೆ. ದೂರದಿಂದ ಕಂಡವನು ಅವನ್ನು ಸೆರೆಮನೆಗಳೆಂದು ಭ್ರಮಿಸಿದರೆ ಅದು ತೀರ ತಪ್ಪೆನ್ನುವಂತಿಲ್ಲ. ಏಕೆಂದರೆ ಅವುಗಳೊಳಗೆ, ಮರದ ಚೌಕಟ್ಟುಗಳ ಮೇಲೆ ಮಗ್ಗುಲಾಗಿ ಮಲಗಿ, ಸಾವಿರಗಟ್ಟಲೆ ಓಕ್ ಪೀಪಾಯಿಗಳು ವರ್ಷಾನುಗಟ್ಟಲೆ ತಮ್ಮ ಅವಧಿಯನ್ನು ಕಳೆಯುತ್ತಿರುತ್ತವೆ. ಒಳಗೆ ಹೋಗುವಾಗ ನೀರಿನಂತೆ ಬಣ್ಣವಿಲ್ಲದೆ, ಗಂಟಲನ್ನು ಸೀಳುವಷ್ಟು ಒರಟಾಗಿದ್ದ ದ್ರವವು ಹೊರಗೆ ಬರುವಾಗ ಜೇನಿನ ಬಣ್ಣವನ್ನು ಹೊತ್ತು, ಒಂದಿಷ್ಟು ವಿನಯವನ್ನೂ ಕಲಿತು ಬರುತ್ತದೆ. ಇದೇ ಬರ್ಬನ್, ಫ್ರಾನ್ಸಿನ ಹಳೆಯ ರಾಜವಂಶವೊಂದರ ಹೆಸರನ್ನು ಹೊತ್ತ, ಆದರೆ ಮುಸುಕಿನ ಜೋಳದ ಹೊಲಗಳಲ್ಲಿ ಹುಟ್ಟಿದ, ಅಪ್ಪಟ ಅಮೆರಿಕದ ವಿಸ್ಕಿ.

ಈ ಊರಿನ ಹೆವನ್ ಹಿಲ್ ಸಂಸ್ಥೆಯು, ಅಮೆರಿಕದ ಪಾನನಿರೋಧವು 1933ರಲ್ಲಿ ರದ್ದಾದ ಮೇಲೆ, 1935ರಲ್ಲಿ ಹುಟ್ಟಿದ್ದು. ಅದು ಹೊರತರುವ ಅನೇಕ ವಿಸ್ಕಿಗಳಲ್ಲಿ ಹೆನ್ರಿ ಮೆಕೆನ್ನ ಎಂಬುದೊಂದು. ಐರ್ಲೆಂಡಿನಿಂದ ವಲಸೆ ಬಂದು 1855ರಲ್ಲಿ ಕೆಂಟಕಿಯ ಫೇರ್‌ಫೀಲ್ಡಿನಲ್ಲಿ ಭಟ್ಟಿಯಿಟ್ಟ ಗೃಹಸ್ಥನೊಬ್ಬನ ಹೆಸರನ್ನು ಅದು ಹೊತ್ತಿದೆ. ಹತ್ತು ವರ್ಷ ಮಾಗಿದ್ದು, ಒಂದೊಂದು ಶೀಶೆಯನ್ನೂ ಒಂದೇ ಪೀಪಾಯಿಯಿಂದ ತುಂಬಿದ್ದು. ಅಂಗಡಿಗಳಲ್ಲಿ ಮೂವತ್ತು ನಲವತ್ತು ಡಾಲರಿನ ನಡುವೆ ಸುಲಭವಾಗಿ ಸಿಕ್ಕುತ್ತಿದ್ದ ಆ ಶೀಶೆಯನ್ನು ಬಲ್ಲವರು ಸದ್ದಿಲ್ಲದೆ ಕೊಳ್ಳುತ್ತಿದ್ದರು, ಅರಿಯದವರು ಅದನ್ನು ದಾಟಿ ಮುಂದೆ ಹೋಗುತ್ತಿದ್ದರು. ಹೀಗಿರಲು, 2019ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಅಂತರರಾಷ್ಟ್ರೀಯ ಮದ್ಯಸ್ಪರ್ಧೆಯಲ್ಲಿ, ಹೆಸರು ಕಾಣದಂತೆ ಲೋಟಗಳಿಗೆ ಸುರಿದು ಪರೀಕ್ಷಿಸಿದ ತೀರ್ಪುಗಾರರು, ಅಲ್ಲಿ ಬಂದ ವಿಸ್ಕಿಗಳಲ್ಲೆಲ್ಲ ಇದೇ ಅತ್ಯುತ್ತಮವೆಂದು ಸಾರಿದರು. ಸಾರಿದ್ದೇ ತಡ, ಶೀಶೆ ಅಂಗಡಿಗಳಿಂದ ಮಾಯವಾಯಿತು. ಮತ್ತೆ ಕಾಣಿಸಿಕೊಂಡಾಗ ಬೆಲೆ ಹಿಂದಿನದಾಗಿರಲಿಲ್ಲ. ಇದರಲ್ಲಿ ಸೋಜಿಗವೇನೆಂದರೆ, ಪ್ರಶಸ್ತಿಯ ಮರುದಿನ ಜನರು ಕಾದಾಡಿ ಕೊಂಡ ವಿಸ್ಕಿಯೂ ಹತ್ತು ವರ್ಷದ ಹಿಂದೆಯೇ ಪೀಪಾಯಿಗೆ ಬಿದ್ದಿದ್ದ ವಿಸ್ಕಿಯೇ. ಶೀಶೆಯೊಳಗೆ ಯಾವುದೂ ಬದಲಾಗಿರಲಿಲ್ಲ. ಬದಲಾದದ್ದು ಹೊರಗಿದ್ದವರ ಬುದ್ಧಿ ಮಾತ್ರ.

ಹಾಗಾದರೆ ಅದರ ಯೋಗ್ಯತೆಯನ್ನು ಮೊದಲೇ ಅರಿಯುವುದಕ್ಕೆ ದಾರಿಯಿರಲಿಲ್ಲವೆ? ಇತ್ತು. ನಮ್ಮ ನೈಯಾಯಿಕರು ಜ್ಞಾನವನ್ನು ಪಡೆಯತಕ್ಕ ಸಾಧನಗಳನ್ನು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕಾಗಿ ಎಣಿಸಿ, ಅವಕ್ಕೆ ಪ್ರಮಾಣಗಳೆಂದು ಹೆಸರಿಟ್ಟಿದ್ದಾರೆ. ಅವರು ವಿಚಾರಿಸುತ್ತಿದ್ದದ್ದು ಆತ್ಮ, ಮೋಕ್ಷಗಳಂತಹ ಘನವಾದ ವಿಷಯಗಳನ್ನು. ಒಂದು ಲೋಟ ಮದ್ಯದ ಪರೀಕ್ಷೆಗೆ ಅವರನ್ನು ಕರೆತರುವುದು ಅಪಚಾರವೆಂದು ಯಾರಿಗಾದರೂ ತೋರಿದರೆ ನಾನು ವಾದಿಸುವುದಿಲ್ಲ. ಆದರೂ, ಮಿತವಾದ ಬೆಲೆಯ ಒಂದು ಮಾಗಿದ ಬರ್ಬನ್ ಒಳ್ಳೆಯದೋ ಅಲ್ಲವೋ ಎಂಬುದನ್ನು ನಿಶ್ಚಯಿಸಹೊರಟವನಿಗೆ ಈ ನಾಲ್ಕಕ್ಕಿಂತ ಉತ್ತಮವಾದ ಮೆಟ್ಟಿಲುಗಳನ್ನು ನಾನು ಕಾಣೆ.

ಶಬ್ದ

ಶಬ್ದವೆಂದರೆ ಆಪ್ತವಾಕ್ಯ, ನಂಬತಕ್ಕವರ ಮಾತು. ಶೀಶೆಯ ವಿಷಯದಲ್ಲಿ ಅದು ಅಂಟಿಸಿದ ಚೀಟಿ. ಚೀಟಿಯ ಮಾತನ್ನು ನಂಬಬಹುದೆ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹಾಸ್ಯದ ಪ್ರಶ್ನೆಯಾಗಿರಲಿಲ್ಲ. ಹಸಿ ಸಾರಾಯಿಗೆ ಒಣಹಣ್ಣಿನ ರಸವನ್ನೋ ತಂಬಾಕಿನ ಕಷಾಯವನ್ನೋ ಬೆರೆಸಿ ಬಣ್ಣವೇರಿಸಿ, ವರ್ಷಗಟ್ಟಲೆ ಮಾಗಿದ ವಿಸ್ಕಿಯೆಂದು ಮಾರುವ ವ್ಯಾಪಾರಿಗಳು ಆಗ ಹೇರಳವಾಗಿದ್ದರು. ಈ ಮೋಸದಿಂದ ಹೆಸರು ಕೆಡಿಸಿಕೊಳ್ಳುತ್ತಿದ್ದ ನೇರಾದ ಭಟ್ಟಿಗಾರರು, ಕರ್ನಲ್ ಎಡ್ಮಂಡ್ ಹೇನ್ಸ್ ಟೇಲರ್ ಮೊದಲಾದವರು, ಕೆಂಟಕಿಯವನೇ ಆದ ಖಜಾನೆಯ ಕಾರ್ಯದರ್ಶಿ ಜಾನ್ ಕಾರ್ಲೈಲನ ಬೆಂಬಲದಿಂದ 1897ರಲ್ಲಿ ಒಂದು ಶಾಸನವನ್ನು ಮಾಡಿಸಿದರು. ಅದರ ಮೇರೆಗೆ ‘ಬಾಟಲ್ಡ್ ಇನ್ ಬಾಂಡ್’ ಎಂಬ ಮಾತನ್ನು ಚೀಟಿಯ ಮೇಲೆ ಹಾಕಬೇಕಾದರೆ, ವಿಸ್ಕಿ ಒಂದೇ ಭಟ್ಟಿಯಲ್ಲಿ, ಒಂದೇ ಋತುವಿನಲ್ಲಿ ಇಳಿಸಿದ್ದಾಗಿರಬೇಕು. ಸರ್ಕಾರದ ಮುದ್ರೆಗೊಳಪಟ್ಟ ಉಗ್ರಾಣದಲ್ಲಿ ಕಡಮೆಯೆಂದರೆ ನಾಲ್ಕು ವರ್ಷ ಮಾಗಿರಬೇಕು. ಶೀಶೆಗೆ ತುಂಬುವಾಗ ಅದರಲ್ಲಿ ಮದ್ಯಸಾರವು ನೂರಕ್ಕೆ 50 ಪಾಲು ಇರಬೇಕು. ಅಮೆರಿಕದ ಲೆಕ್ಕದಲ್ಲಿ ಇದನ್ನೇ 100 ಪ್ರೂಫ್ ಎನ್ನುವುದು. ಪ್ರೂಫಿನ ಅಂಕಿಯನ್ನು ಅರ್ಧ ಮಾಡಿದರೆ ಮದ್ಯಸಾರದ ಶೇಕಡ ಪ್ರಮಾಣ ದೊರೆಯುತ್ತದೆ.

ಬರ್ಬನ್ ಎಂಬ ಹೆಸರಿಗೂ ಕಟ್ಟುಪಾಡುಗಳುಂಟು. ಹುದುಗಿಗೆ ಹಾಕಿದ ಧಾನ್ಯದಲ್ಲಿ ನೂರಕ್ಕೆ 51 ಪಾಲಿಗೆ ಕಡಮೆಯಿಲ್ಲದೆ ಮುಸುಕಿನ ಜೋಳವಿರಬೇಕು. ಉಳಿದದ್ದು ಸಾಮಾನ್ಯವಾಗಿ ರೈ ಅಥವಾ ಗೋದಿ, ಜತೆಗೆ ಮೊಳಕೆ ಬರಿಸಿದ ಬಾರ್ಲಿ. ಭಟ್ಟಿಯಿಂದ ಇಳಿಯುವಾಗ 160 ಪ್ರೂಫನ್ನೂ, ಪೀಪಾಯಿಗೆ ಹೋಗುವಾಗ 125 ಪ್ರೂಫನ್ನೂ ಅದು ಮೀರಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ಆ ಪೀಪಾಯಿ ಒಳಮೈ ಸುಟ್ಟ ಹೊಚ್ಚಹೊಸ ಓಕಿನದಾಗಿರಬೇಕು. ಬಣ್ಣವನ್ನಾಗಲಿ ಸಕ್ಕರೆಯನ್ನಾಗಲಿ ಪರಿಮಳವನ್ನಾಗಲಿ ಬೆರೆಸುವಂತಿಲ್ಲ. ಲೋಟದಲ್ಲಿ ಕಾಣುವ ಕೆಂಪೆಲ್ಲ ಮರದ ಕೊಡುಗೆಯೇ. 1964ರಲ್ಲಿ ಅಮೆರಿಕದ ಕಾಂಗ್ರೆಸ್ಸು ಇದನ್ನು ತನ್ನ ದೇಶದ ವಿಶಿಷ್ಟ ವಸ್ತುವೆಂದು ನಿರ್ಣಯ ಮಾಡಿದ್ದರಿಂದ, ಬೇರೆ ನಾಡಿನಲ್ಲಿ ಇದೇ ವಿಧಾನದಿಂದ ಮಾಡಿದ್ದನ್ನು ಬರ್ಬನ್ ಎಂದು ಕರೆಯಲಾಗದು. ನಮ್ಮ ಸ್ಮೃತಿಕಾರರು ಸುರೆಯನ್ನು ಬೆಲ್ಲದಿಂದಾದ ಗೌಡೀ, ಹಿಟ್ಟಿನಿಂದಾದ ಪೈಷ್ಟೀ, ಮಧುವಿನಿಂದಾದ ಮಾಧ್ವೀ ಎಂದು ಮೂರು ಬಗೆಯಾಗಿ ವಿಂಗಡಿಸಿ ಮೂರನ್ನೂ ನಿಷೇಧಿಸಿದರಷ್ಟೆ. ಆ ವಿಂಗಡಣೆಯಲ್ಲಿ ಬರ್ಬನ್ ಪೈಷ್ಟಿಯ ಪಂಗಡಕ್ಕೆ ಸೇರತಕ್ಕದ್ದು, ಕಾಕಂಬಿಯ ಸಾರದಿಂದ ತಯಾರಾಗುವ ನಮ್ಮ ದೇಶದ ಅನೇಕ ಅಗ್ಗದ ವಿಸ್ಕಿಗಳು ಗೌಡಿಯ ಪಂಗಡಕ್ಕೆ.

ಚೀಟಿಯಲ್ಲಿ ವರ್ಷದ ಅಂಕಿಯಿದ್ದರೆ, ಆ ಶೀಶೆಯಲ್ಲಿ ಬೆರೆತಿರುವ ವಿಸ್ಕಿಗಳಲ್ಲಿ ಎಲ್ಲಕ್ಕೂ ಎಳೆಯದಾದುದರ ವಯಸ್ಸೇ ಅದು. ಮುದುಕನನ್ನು ಮುಂದೆ ನಿಲ್ಲಿಸಿ ಹುಡುಗರನ್ನು ಹಿಂದೆ ಅಡಗಿಸುವಂತಿಲ್ಲ. ಹೆನ್ರಿ ಮೆಕೆನ್ನದಂತಹ ಒಂಟಿ ಪೀಪಾಯಿಯ ಶೀಶೆಯ ಮೇಲಂತೂ ಪೀಪಾಯಿಯ ಸಂಖ್ಯೆಯನ್ನೂ ಅದನ್ನು ತುಂಬಿದ ದಿನವನ್ನೂ ನಮೂದಿಸಿರುತ್ತಾರೆ. ಇವಿಷ್ಟು ನಂಬತಕ್ಕ ಮಾತುಗಳು, ಶಾಸನದ ಬೆನ್ನುಳ್ಳ ಮಾತುಗಳು. ಅದೇ ಚೀಟಿಯ ಮೇಲೆ ಸುರುಳಿ ಅಕ್ಷರಗಳಲ್ಲಿ ಅಚ್ಚಾಗಿರುವ ‘ಅಪೂರ್ವ’, ‘ಕರಕುಶಲ’, ‘ಪೂರ್ವಿಕರ ರಹಸ್ಯ ಪಾಕ’ ಮೊದಲಾದ ಬಣ್ಣನೆಗಳಿಗೆ ಶಾಸನದಲ್ಲಿ ಅರ್ಥವಿಲ್ಲ. ಅವನ್ನು ಮದುವೆಯ ಮನೆಯಲ್ಲಿ ಹುಡುಗನ ಕಡೆಯವರು ಹೇಳುವ ಮಾತಿನಂತೆ ನಗುತ್ತ ಕೇಳಿ ಮುಂದೆ ಹೋಗುವುದು ಮೇಲು.

ಅನುಮಾನ

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಊಹಿಸುವುದು ತರ್ಕಶಾಸ್ತ್ರದ ಚಿರಪರಿಚಿತ ಉದಾಹರಣೆ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿದ್ದೇ ಇರುತ್ತದೆಂಬ ವ್ಯಾಪ್ತಿ ಗಟ್ಟಿಯಾಗಿರುವುದರಿಂದ ಆ ಅನುಮಾನ ನಿಲ್ಲುತ್ತದೆ. ವಯಸ್ಸು ಹೆಚ್ಚಿದ್ದಲ್ಲೆಲ್ಲ ಗುಣ ಹೆಚ್ಚು, ಬೆಲೆ ಹೆಚ್ಚಿದ್ದಲ್ಲೆಲ್ಲ ರುಚಿ ಹೆಚ್ಚು ಎಂಬ ಊಹೆಗಳಿಗೆ ಅಂತಹ ವ್ಯಾಪ್ತಿ ಇದೆಯೆ? ಇದನ್ನು ತಿಳಿಯಲು ಪೀಪಾಯಿಯೊಳಗೆ ಇಣುಕಿ ನೋಡಬೇಕು.

ಸುಮಾರು 200 ಲೀಟರು ಹಿಡಿಯುವ, ಅಮೆರಿಕದ ಬಿಳಿ ಓಕಿನ ಹಲಗೆಗಳಿಂದ ಬಿಗಿದ ಪೀಪಾಯಿಯ ಒಳಮೈಯನ್ನು ಒಂದು ನಿಮಿಷದೊಳಗಾಗಿ ಜ್ವಾಲೆಯಿಂದ ಸುಡುತ್ತಾರೆ. ಬಹಳ ಆಳವಾಗಿ ಸುಟ್ಟರೆ ಮರವು ಮೊಸಳೆಯ ಬೆನ್ನಿನಂತೆ ಬಿರಿಯುವುದರಿಂದ ಆ ದರ್ಜೆಗೆ ಕಸುಬಿನವರು ಮೊಸಳೆಯ ಹೆಸರನ್ನೇ ಇಟ್ಟಿದ್ದಾರೆ. ಮೇಲ್ಪದರದ ಇದ್ದಿಲು ಹಸಿ ಸಾರಾಯಿಯ ಗಂಧಕದ ನಾತವನ್ನು ಹೀರಿಕೊಳ್ಳುತ್ತದೆ. ಅದರ ಕೆಳಗೆ, ಬೆಂಕಿ ತಾಕಿಯೂ ಕರಿಕಾಗದ ಕೆಂಪು ಪದರದಲ್ಲಿ, ಮರದ ಅರೆಸೆಲ್ಯುಲೋಸು ಒಡೆದು ಸಕ್ಕರೆಯಾಗಿ, ಸಕ್ಕರೆ ಕಾದು ಪಾಕದ ವಾಸನೆಯನ್ನು ಪಡೆದಿರುತ್ತದೆ. ಲಿಗ್ನಿನ್ ಎಂಬ ಅಂಶ ಒಡೆದು ವೆನಿಲ್ಲದ ಪರಿಮಳಕ್ಕೆ ಕಾರಣವಾದ ವೆನಿಲಿನ್ನನ್ನೂ, ಲವಂಗದಲ್ಲಿರುವ ಯೂಜಿನಾಲನ್ನೂ ಬಿಟ್ಟುಕೊಡುತ್ತದೆ. ಓಕಿನಲ್ಲಿರುವ ಲ್ಯಾಕ್ಟೋನುಗಳು ಕೊಬ್ಬರಿಯ ಸೊಗಡನ್ನೂ, ಟ್ಯಾನಿನ್ನುಗಳು ಒಗರನ್ನೂ ಕೊಡುತ್ತವೆ. ಕೆಂಟಕಿಯ ಬಿರುಬೇಸಗೆಯಲ್ಲಿ ಹಿಗ್ಗಿದ ಮದ್ಯವು ಮರದ ರಂಧ್ರಗಳೊಳಕ್ಕೆ ನುಗ್ಗುತ್ತದೆ, ಕೊರೆಯುವ ಚಳಿಗಾಲದಲ್ಲಿ ಕುಗ್ಗಿ ಹಿಂದೆ ಸರಿಯುತ್ತದೆ. ಈ ಶ್ವಾಸೋಚ್ಛ್ವಾಸ ವರ್ಷವರ್ಷವೂ ನಡೆಯುತ್ತಿರುವಂತೆಯೇ, ಪ್ರತಿವರ್ಷವೂ ನೂರಕ್ಕೆ ಮೂರರಿಂದ ಐದು ಪಾಲು ಆವಿಯಾಗಿ ಹಾರಿಹೋಗುತ್ತದೆ. ಅಲ್ಲಿಯವರು ಇದನ್ನು ದೇವದೂತರ ಪಾಲು ಎಂದು ಕರೆಯುತ್ತಾರೆ. ನಾವಾದರೆ ಹವಿರ್ಭಾಗ ಎನ್ನುತ್ತಿದ್ದೆವು. ಹತ್ತು ವರ್ಷದ ಪೀಪಾಯಿಯನ್ನು ತೆರೆದವನಿಗೆ ಕಾಲುಭಾಗಕ್ಕೂ ಮಿಗಿಲಾಗಿ ಬರಿದಾಗಿರುವುದೇ ಕಾಣುತ್ತದೆ. ಇದರ ಮೇಲೆ, ಮಾಗುತ್ತ ಮಲಗಿರುವ ಪೀಪಾಯಿಗಳಿಗೆ ಕೆಂಟಕಿ ರಾಜ್ಯವು ವರ್ಷವರ್ಷವೂ ಆಸ್ತಿತೆರಿಗೆಯನ್ನು ವಿಧಿಸುತ್ತ ಬಂದಿತು. 2043ರೊಳಗಾಗಿ ಅದನ್ನು ಹಂತಹಂತವಾಗಿ ಕೈಬಿಡುವ ಶಾಸನವಾದದ್ದು 2023ರಲ್ಲಿ. ವಯಸ್ಸಾದ ವಿಸ್ಕಿಗೆ ಬೆಲೆ ಏಕೆ ಏರುತ್ತದೆಂಬುದು ಇದರಿಂದ ಸ್ಪಷ್ಟ: ನಾವು ತೆರುವ ಹಣದಲ್ಲಿ ಒಂದು ಪಾಲು ಇಲ್ಲದ ವಿಸ್ಕಿಯ ಬೆಲೆ.

ಆದರೆ ಬೆಲೆ ಏರಲು ಕಾರಣವಾದದ್ದೆಲ್ಲ ಗುಣ ಏರಲು ಕಾರಣವಾಗಬೇಕಾದ್ದಿಲ್ಲ. ಸ್ಕಾಟ್ಲೆಂಡಿನವರು ಬಹುಮಟ್ಟಿಗೆ ಒಮ್ಮೆ ಬಳಸಿದ ಪೀಪಾಯಿಗಳಲ್ಲಿ, ಅವುಗಳಲ್ಲಿಯೂ ಬರ್ಬನ್ನಿನವರು ಬಿಟ್ಟುಕೊಟ್ಟವುಗಳಲ್ಲಿ, ತಂಪಾದ ಹವೆಯಲ್ಲಿ ಮಾಗಿಸುವುದರಿಂದ ಅವರ ವಿಸ್ಕಿ ಹದಿನೆಂಟು ಇಪ್ಪತ್ತು ವರ್ಷವನ್ನು ನೆಮ್ಮದಿಯಾಗಿ ತಾಳಿಕೊಳ್ಳುತ್ತದೆ. ಹೊಸ ಮರ, ಸುಟ್ಟ ಮೈ, ಉರಿಬಿಸಿಲು ಇವು ಮೂರೂ ಕೂಡಿದ ಬರ್ಬನ್ನಿನಲ್ಲಿ ಮರವು ಬೇಗನೆ ಮಾತಾಡುತ್ತದೆ. ಹೆಚ್ಚು ಕಾಲ ಬಿಟ್ಟರೆ ಅದೊಂದೇ ಮಾತಾಡುತ್ತದೆ. ಧಾನ್ಯದ ಸಿಹಿ ಮುಳುಗಿ, ಒಗರೂ ಕಹಿಯೂ ಎದ್ದುನಿಲ್ಲುತ್ತವೆ. ಉಗ್ರಾಣದ ಮೇಲಂತಸ್ತಿನ ಕಾವಿನಲ್ಲಿ ಎಂಟು ವರ್ಷಕ್ಕೆ ಮುಪ್ಪಾದ ಪೀಪಾಯಿಯೂ, ಕೆಳಗಿನ ತಂಪಿನಲ್ಲಿ ಹನ್ನೆರಡಕ್ಕೂ ಹರೆಯವನ್ನು ಉಳಿಸಿಕೊಂಡ ಪೀಪಾಯಿಯೂ ಇರಬಲ್ಲವು. ನಮ್ಮ ಬೆಂಗಳೂರಿನಲ್ಲೇ ಇದಕ್ಕೊಂದು ಸಾಕ್ಷಿಯುಂಟು. 1948ರಲ್ಲಿ ಸ್ಥಾಪನೆಯಾಗಿ, 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಸ್ಕಾಟರ ಗ್ಲಾಸ್ಗೋ ನಗರದಲ್ಲಿಯೇ ಬಿಡುಗಡೆ ಮಾಡುವ ಎದೆಗಾರಿಕೆಯನ್ನು ತೋರಿಸಿದ ಅಮೃತ್ ಭಟ್ಟಿಯಲ್ಲಿ, ವರ್ಷಕ್ಕೆ ನೂರಕ್ಕೆ ಹತ್ತು ಹನ್ನೆರಡು ಪಾಲು ಆವಿಯಾಗುವುದರಿಂದ, ನಾಲ್ಕೈದು ವರ್ಷಕ್ಕೇ ವಿಸ್ಕಿ ಪ್ರೌಢವಾಗುತ್ತದೆ. ಅಲ್ಲಿ ಹತ್ತು ವರ್ಷ ಎಂಬ ಅಂಕಿಗೆ ಕೆಂಟಕಿಯ ಅರ್ಥವಿಲ್ಲ, ಸ್ಕಾಟ್ಲೆಂಡಿನ ಅರ್ಥವಂತೂ ಇಲ್ಲವೇ ಇಲ್ಲ.

ಬೆಲೆಯ ಅನುಮಾನ ಇದಕ್ಕಿಂತಲೂ ಸಡಿಲ. 1970ರ ದಶಕದಿಂದ ಮುಂದೆ ಅಮೆರಿಕನರೇ ಬರ್ಬನ್ನನ್ನು ಮರೆತು ವೋಡ್ಕದ ಕಡೆಗೆ ಹೊರಳಿದಾಗ, ಕೊಳ್ಳುವವರಿಲ್ಲದೆ ಪೀಪಾಯಿಗಳು ಉಗ್ರಾಣದಲ್ಲಿ ಉಳಿದು ಮುದಿಯಾದವು. ವಯಸ್ಸಾದ ವಿಸ್ಕಿ ಅಗ್ಗವಾಗಿ ಮಾರಿಹೋಯಿತು. ಈ ಶತಮಾನದಲ್ಲಿ ಜನರ ಒಲವು ಮರಳಿದಾಗ, ಹತ್ತು ವರ್ಷದ ಹಿಂದೆ ತುಂಬದೆ ಬಿಟ್ಟ ಪೀಪಾಯಿಯನ್ನು ಈಗ ತುಂಬಲು ಯಾರಿಗೂ ಸಾಧ್ಯವಾಗದೆ, ಚೀಟಿಗಳಿಂದ ವರ್ಷದ ಅಂಕಿಗಳೇ ಒಂದೊಂದಾಗಿ ಮರೆಯಾದವು. ಹೆವನ್ ಹಿಲ್ಲಿನ ಎಲಿಜಾ ಕ್ರೇಗ್ ತನ್ನ ‘12 ವರ್ಷ’ವನ್ನು 2016ರಲ್ಲಿ ಕಳೆದುಕೊಂಡಿತು. ಅದೇ ಸಂಸ್ಥೆಗೆ 1996ರ ನವೆಂಬರಿನಲ್ಲಿ ಬೆಂಕಿ ಬಿದ್ದು, ಏಳು ಉಗ್ರಾಣಗಳೂ ಸುಮಾರು 90,000 ಪೀಪಾಯಿಗಳೂ ಭಟ್ಟಿಯೂ ಸುಟ್ಟುಹೋಗಿ, ನೆರೆಹೊರೆಯ ಪ್ರತಿಸ್ಪರ್ಧಿಗಳೇ ತಮ್ಮ ಭಟ್ಟಿಗಳಲ್ಲಿ ಅದರ ವಿಸ್ಕಿಯನ್ನು ಇಳಿಸಿಕೊಟ್ಟರೆಂಬುದನ್ನು ನೆನೆದರೆ, ಬೆಲೆ ಎಂಬುದು ರುಚಿಯ ಅಳತೆಗಿಂತ ಹೆಚ್ಚಾಗಿ ಅಭಾವ, ಅದೃಷ್ಟ, ತೆರಿಗೆಗಳ ಅಳತೆಯೆಂದು ಮನವರಿಕೆಯಾಗುತ್ತದೆ. ತೆರಿಗೆಯ ಮಾತೇ ಬಂದರೆ, 2025ರ ಫೆಬ್ರವರಿಯಲ್ಲಿ ಭಾರತ ಸರ್ಕಾರವು ಬರ್ಬನ್ನಿನ ಮೇಲಣ ಆಮದು ಸುಂಕವನ್ನು ನೂರಕ್ಕೆ 150ರಿಂದ 100ಕ್ಕೆ ಇಳಿಸಿತು. ಇಳಿದ ಮೇಲೂ ಕೆಂಟಕಿಯ ಲೂಯಿವಿಲ್ಲಿನಲ್ಲಿ ಅಗ್ಗವಾದದ್ದು ಬೆಂಗಳೂರಿನಲ್ಲಿ ಅಗ್ಗವಲ್ಲ. ಹೆತ್ತೂರಿನಲ್ಲಿ ಸಾಮಾನ್ಯನಾದವನು ಪರವೂರಿಗೆ ಬಂದೊಡನೆ ದೊಡ್ಡ ಮನುಷ್ಯನಾಗುವುದು ವಿಸ್ಕಿಯಲ್ಲೂ ಉಂಟು. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ವಯಸ್ಸು, ಬೆಲೆಗಳೆಂಬ ಹೇತುಗಳೆರಡೂ ವ್ಯಭಿಚಾರಿಗಳು: ಒಮ್ಮೊಮ್ಮೆ ನಿಜ ನುಡಿಯುತ್ತವೆ, ಎಂದು ನುಡಿಯುತ್ತವೆಂದು ಹೇಳಲಾಗದು.

ಪ್ರತ್ಯಕ್ಷ

ಆದುದರಿಂದ ಕೊನೆಗೆ ಲೋಟವನ್ನೇ ಆಶ್ರಯಿಸಬೇಕು. ಆದರೆ ಪ್ರತ್ಯಕ್ಷವೂ ಭ್ರಮೆಗೆ ಒಳಗಾಗತಕ್ಕದ್ದೆಂದು ಹಗ್ಗ ಹಾವುಗಳ ದೃಷ್ಟಾಂತದಿಂದ ನಮಗೆಲ್ಲ ಗೊತ್ತು. 2008ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಒಂದೇ ದ್ರಾಕ್ಷಾಮದ್ಯವನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿ ಜನರಿಗೆ ಕುಡಿಸಿದಾಗ, ಹೆಚ್ಚು ಬೆಲೆಯೆಂದು ಕೇಳಿದ್ದು ಅವರ ಬಾಯಿಗೆ ಹೆಚ್ಚು ರುಚಿಸಿತು. ಬಾಯಿಮಾತಿಗೆ ಮಾತ್ರವಲ್ಲ, ಸುಖವನ್ನು ಗುರುತಿಸುವ ಮಿದುಳಿನ ಭಾಗದಲ್ಲಿಯೂ ಆ ಹೆಚ್ಚಳ ಕಂಡುಬಂತು. ಕಿವಿಯಲ್ಲಿ ಬಿದ್ದ ಬೆಲೆ ನಾಲಗೆಯ ಮೇಲೆ ಕುಳಿತುಬಿಡುತ್ತದೆ. ಹಾಗಾಗಿ ಪರೀಕ್ಷೆಯ ಮೊದಲ ನಿಯಮ, ಹೆಸರನ್ನು ಮರೆಮಾಡುವುದು. ಮನೆಯವರಲ್ಲಿ ಯಾರಾದರೂ ಎರಡು ಮೂರು ವಿಸ್ಕಿಗಳನ್ನು ಗುರುತಿನ ಅಂಕಿ ಬರೆದ ಲೋಟಗಳಿಗೆ ಸುರಿದು ಕೊಡಲಿ. ಯಾವುದು ಯಾವುದೆಂಬ ಗುಟ್ಟು ಅವರಲ್ಲಿಯೇ ಇರಲಿ.

ಜತೆಗಿಡುವ ವಿಸ್ಕಿಯನ್ನು ಆರಿಸುವುದರಲ್ಲಿಯೂ ವಿವೇಕ ಬೇಕು. ಹತ್ತು ವರ್ಷದ ಹೆನ್ರಿ ಮೆಕೆನ್ನದ ಪಕ್ಕಕ್ಕೆ ಇಡತಕ್ಕದ್ದು ಅದೇ ಮನೆಯ ಬಿಳಿ ಚೀಟಿಯ ಎವನ್ ವಿಲಿಯಮ್ಸ್. ಮೆಕೆನ್ನದಂತೆ ಅದೂ ಬಾಂಡಿನದೇ, ಅದೂ 100 ಪ್ರೂಫಿನದೇ, ಮುಸುಕಿನ ಜೋಳ, ರೈ, ಬಾರ್ಲಿಗಳ ಪಾಕವೂ ಅದೇ. ವಯಸ್ಸೊಂದು ಕಡಮೆ, ಬೆಲೆಯಂತೂ ಬಹಳ ಕಡಮೆ. ಹೀಗೆ ಮಿಕ್ಕೆಲ್ಲವನ್ನೂ ಸಮನಾಗಿಸಿ ವಯಸ್ಸೊಂದನ್ನೇ ಬೇರೆಯಾಗಿಟ್ಟಾಗ, ಮರದಲ್ಲಿ ಕಳೆದ ಹೆಚ್ಚಿನ ವರ್ಷಗಳು ಏನನ್ನು ಕೊಟ್ಟವು, ಏನನ್ನು ಕಿತ್ತುಕೊಂಡವು ಎಂಬುದು ನಮ್ಮ ಮೂಗಿನ ಕೆಳಗೇ ಇತ್ಯರ್ಥವಾಗುತ್ತದೆ.

ಲೋಟದ ಬಾಯಿ ಹೊಟ್ಟೆಗಿಂತ ಕಿರಿದಾಗಿರಬೇಕು. 2001ರಲ್ಲಿ ಸ್ಕಾಟ್ಲೆಂಡಿನಲ್ಲಿ ಬಳಕೆಗೆ ಬಂದ ಗ್ಲೆನ್‌ಕೇರ್ನ್ ಲೋಟವು ಈಗ ಪರೀಕ್ಷಕರ ಮೇಜಿನ ಸಾಮಾನ್ಯ ಪಾತ್ರೆ. ಹದಿನೈದು ಮಿಲಿಲೀಟರು ಸಾಕು, ಅರ್ಥಾತ್ ಮೂರು ಟೀಚಮಚೆ. ಇದು ಕುಡಿಯುವ ಕೆಲಸವಲ್ಲ, ತೂಗುವ ಕೆಲಸ. ವೃತ್ತಿಯ ತೀರ್ಪುಗಾರರು ಒಂದು ದಿನದಲ್ಲಿ ಹತ್ತಾರನ್ನು ಪರೀಕ್ಷಿಸಬೇಕಾದ್ದರಿಂದ ಬಾಯಿಗೆ ಹಾಕಿದ್ದನ್ನು ಉಗಿದುಬಿಡುತ್ತಾರೆ. ಒಗ್ಗರಣೆಯ ಘಾಟು ತುಂಬಿದ ಮನೆಯಲ್ಲಿ, ಊದುಬತ್ತಿ ಹಚ್ಚಿದ ಕೋಣೆಯಲ್ಲಿ, ಮಲ್ಲಿಗೆ ಮುಡಿದವರ ಪಕ್ಕದಲ್ಲಿ ಈ ಕೆಲಸಕ್ಕೆ ಕೂಡುವುದು ವ್ಯರ್ಥ.

ಸುರಿದ ಮೇಲೆ ಹತ್ತು ನಿಮಿಷ ಅದನ್ನು ಅದರ ಪಾಡಿಗೆ ಬಿಡಬೇಕು. ಮೊದಲು ಎದ್ದುಬರುವುದು ಬರಿಯ ಮದ್ಯಸಾರದ ಘಾಟು. ಅನಂತರ ಲೋಟವನ್ನು ಗಲ್ಲದ ಹತ್ತಿರದಿಂದ ಮೆಲ್ಲನೆ ಮೇಲೆತ್ತುತ್ತ, ತುಟಿಗಳನ್ನು ತುಸುವೇ ತೆರೆದುಕೊಂಡು ಮೂಸಬೇಕು. ಮಲ್ಲಿಗೆಯ ದಂಡೆಗೆ ಮೂಗನ್ನು ಒತ್ತುವಂತೆ 50 ಪಾಲು ಮದ್ಯಸಾರದ ಲೋಟಕ್ಕೆ ಮೂಗನ್ನು ತುರುಕಿದರೆ ಘ್ರಾಣೇಂದ್ರಿಯ ಜಡವಾಗಿ, ಮುಂದಿನ ಅರ್ಧ ಗಂಟೆ ಕರ್ಪೂರಕ್ಕೂ ಕಲ್ಲಿಗೂ ಭೇದ ತಿಳಿಯದು. ಮೊದಲ ಗುಟುಕನ್ನು ತೀರ್ಪಿಗೆ ಲೆಕ್ಕ ಹಿಡಿಯಬಾರದು. ಅದು ಬಾಯಿಯನ್ನು ಹದಗೊಳಿಸುವುದಕ್ಕೆ. ಎರಡನೆಯದನ್ನು ನಾಲಗೆಯ ಸುತ್ತ ಹೊರಳಿಸಿ, ಅನ್ನವನ್ನು ಅಗಿಯುವಂತೆ ಅಗಿಯಬೇಕು. ಕೆಂಟಕಿಯ ಭಟ್ಟಿಗಾರ ಜಿಮ್ ಬೀಮನ ಮೊಮ್ಮಗ ಬುಕರ್ ನೋ ಜನಪ್ರಿಯಗೊಳಿಸಿದ ಈ ಕ್ರಮಕ್ಕೆ ಕೆಂಟಕಿಯ ಅಗಿತ ಎಂದೇ ಹೆಸರು. ನುಂಗಿದ ಮೇಲೆ ಎದೆಯಲ್ಲಿ ಹರಡುವ ಬೆಚ್ಚನೆಯ ಅನುಭವವನ್ನು ಅಲ್ಲಿಯವರು ಕೆಂಟಕಿಯ ಅಪ್ಪುಗೆ ಎನ್ನುತ್ತಾರೆ. ಅಪ್ಪುಗೆ ಹಿತವಾಗಿತ್ತೆ, ಉಸಿರು ಕಟ್ಟಿಸಿತೆ ಎಂಬುದೂ ತೀರ್ಪಿನ ಒಂದು ಅಂಗ.

ಕೊನೆಗೆ ಒಂದೆರಡು ಹನಿ ನೀರನ್ನು ಬೆರೆಸಿ ಇದನ್ನೆಲ್ಲ ಮತ್ತೆ ಮಾಡಬೇಕು. ನೀರು ಬೆರೆಸುವುದು ಪೌರುಷಕ್ಕೆ ಕುಂದೆಂದು ಎಣಿಸುವವರುಂಟು. ಅವರು ಹಾಗೆಯೇ ಎಣಿಸಿಕೊಂಡಿರಲಿ. ವಿಸ್ಕಿಯ ಪರಿಮಳಕ್ಕೆ ಕಾರಣವಾದ ಕೆಲವು ಅಣುಗಳು ಮದ್ಯಸಾರ ಹೆಚ್ಚಿರುವಾಗ ಅದರೊಳಗೇ ಅಡಗಿದ್ದು, ನೀರು ಸೇರಿ ಅದರ ಬಲ ತಗ್ಗಿದಾಗ ಮೇಲ್ಮೈಗೆ ಬರುತ್ತವೆಂಬುದನ್ನು 2017ರಲ್ಲಿ ಸ್ವೀಡನ್ನಿನ ಇಬ್ಬರು ರಸಾಯನಶಾಸ್ತ್ರಜ್ಞರು ಗಣಕಯಂತ್ರದ ಲೆಕ್ಕಾಚಾರದಿಂದ ತೋರಿಸಿದ್ದಾರೆ. ಒಣನೆಲದ ಮೇಲೆ ಮೊದಲ ಹನಿ ಬಿದ್ದೊಡನೆ ಮಣ್ಣಿನ ವಾಸನೆ ಏಳುವುದನ್ನು ಕಂಡವರಿಗೆ ಇದು ನಂಬಲು ಕಷ್ಟವಾದ ಸಂಗತಿಯಲ್ಲ.

ಉಪಮಾನ

ಗವಯವೆಂಬ ಕಾಡುಮೃಗವನ್ನು ಎಂದೂ ನೋಡದವನಿಗೆ, ಅದು ಹಸುವಿನ ಹಾಗಿರುತ್ತದೆ ಎಂದು ಕಾಡಿನವನೊಬ್ಬನು ಹೇಳಿದ್ದರೆ, ಮುಂದೆ ಅದನ್ನು ಕಂಡಾಗ ಅವನು ಗುರುತಿಸುತ್ತಾನೆ. ಇದೇ ಉಪಮಾನ. ಪಾನಪರೀಕ್ಷಕರ ಬಣ್ಣನೆಗಳೆಲ್ಲ ಈ ಜಾತಿಯವೇ. ಆದರೆ ಅವರು ಕೊಡುವ ಹೋಲಿಕೆಗಳು ಅವರ ಅಜ್ಜಿಯ ಅಡಿಗೆಮನೆಯವು: ಮೇಪಲ್ ಮರದ ಪಾಕ, ಚೆರಿಹಣ್ಣಿನ ಕಡುಬು, ಕುದುರೆಯ ಜೀನಿನ ಚರ್ಮ. ಹಸುವನ್ನೇ ನೋಡದವನಿಗೆ ಹಸುವಿನ ಹಾಗೆ ಎಂದರೇನು ಫಲ? ಕನ್ನಡಿಗನು ತನ್ನ ಅಡಿಗೆಮನೆಯ ಡಬ್ಬಿಗಳನ್ನೇ ತೆರೆದು ನೋಡಬೇಕು.

ಹಾಗೆ ನೋಡಿದಾಗ, ಹತ್ತು ವರ್ಷದ ಒಳ್ಳೆಯ ಬರ್ಬನ್ನಿನಲ್ಲಿ ಮೊದಲು ಎದುರಾಗುವುದು ಆಲೆಮನೆಯ ಕೊಪ್ಪರಿಗೆಯ ಅಂಚಿನ ವಾಸನೆ, ಎಂದರೆ ಪಾಕವು ಬೆಲ್ಲವಾಗುವ, ಸೀಯುವುದಕ್ಕೆ ಒಂದು ಕ್ಷಣ ಹಿಂದಿನ ವಾಸನೆ. ಅದರ ಬೆನ್ನಿಗೆ ಪಾಯಸಕ್ಕೆ ಹುರಿದ ಒಣಕೊಬ್ಬರಿ, ಲವಂಗ, ಚಕ್ಕೆ. ಇನ್ನೂ ಒಳಕ್ಕೆ ಹೋದರೆ ಕೆಂಡದ ಮೇಲೆ ಸುಟ್ಟ ಮುಸುಕಿನ ಜೋಳದ ತೆನೆ, ಹಳೆಯ ಮರದ ಪೆಟ್ಟಿಗೆಯ ಮುಚ್ಚಳವನ್ನು ತೆರೆದಾಗಿನ ಒಣಗಂಪು. ಎಳೆಯ ಬರ್ಬನ್ನಿನಲ್ಲಿ ಜೋಳದ ಹಸಿತನ ಮುಂದಿದ್ದು ಬೆಲ್ಲ ಹಿಂದಿರುತ್ತದೆ; ಮಾಗಿದಂತೆ ಈ ಸಾಲು ತಿರುವುಮುರುವಾಗುತ್ತದೆ. ದೋಷಗಳಿಗೂ ನಮ್ಮಲ್ಲಿ ಚೊಕ್ಕವಾದ ಮಾತುಗಳುಂಟು. ಮೂಗನ್ನು ಚುಚ್ಚುವುದು ಘಾಟು, ಹಳಸಿದ ಎಣ್ಣೆಯಂತಿರುವುದು ಕಮಟು, ಅತಿಯಾಗಿ ಸುಟ್ಟದ್ದು ಸೀಕಲು. ಕಹಿಯನ್ನೂ ಒಗರನ್ನೂ ಅನೇಕರು ಒಂದೆಂದೇ ತಿಳಿದು ತೊಡಕಿಗೆ ಬೀಳುತ್ತಾರೆ. ಹಾಗಲಕಾಯಿ ತಿಂದು, ಎಳೆ ಅಡಕೆಯನ್ನು ಕಡಿದು ಬೆಳೆದ ಕನ್ನಡಿಗನಿಗೆ ಕಹಿ ನಾಲಗೆಯದು, ಒಗರು ಇಡೀ ಬಾಯಿಯದು ಎಂಬ ವಿವೇಕ ಹುಟ್ಟಿನಿಂದಲೇ ಬಂದಿದೆ. ಮಾಗಿದ ವಿಸ್ಕಿಯ ತೀರ್ಪಿನಲ್ಲಿ ಈ ವಿವೇಕವೇ ಮುಖ್ಯವಾದದ್ದು. ಏಕೆಂದರೆ ನೆಲ್ಲಿಕಾಯಿಯ ಒಗರಿನಂತೆ ಹಿಂದೆ ಒಂದು ಸಿಹಿಯನ್ನು ಬಿಟ್ಟುಹೋಗುವ ಒಗರು ಮರವು ಹದವಾಗಿತ್ತೆಂಬುದಕ್ಕೆ ಗುರುತು, ಬಾಯನ್ನು ಒಣಗಿಸಿ ಏನನ್ನೂ ಬಿಡದೆ ಹೋಗುವ ಒಗರು ಪೀಪಾಯಿಯಲ್ಲಿ ಅದು ಇರಬೇಕಾದ್ದಕ್ಕಿಂತ ಹೆಚ್ಚು ಕಾಲ ಇತ್ತೆಂಬುದಕ್ಕೆ.

ತೀರ್ಪನ್ನು ಬರೆದಿಡುವಾಗ ನಾಲ್ಕು ಪ್ರಶ್ನೆಗಳು ಸಾಕು. ಮೂಗು ಕೊಟ್ಟ ವಚನವನ್ನು ನಾಲಗೆ ನಡೆಸಿತೆ? ಧಾನ್ಯ, ಮರ, ಮದ್ಯಸಾರ ಇವುಗಳಲ್ಲಿ ಯಾವುದಾದರೂ ಒಂದು ಮಿಕ್ಕವನ್ನು ತುಳಿಯಿತೆ? ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಂತಿತು, ನಿಂತದ್ದು ಹಿತವಾಗಿತ್ತೆ? ಲೋಟ ಬರಿದಾದ ಮೇಲೆ ಇನ್ನಷ್ಟು ಬೇಕೆನಿಸಿತೆ? ಈ ನಾಲ್ಕಕ್ಕೂ ಉತ್ತರವನ್ನು ಬರೆದು ಮುಗಿಸಿದ ಮೇಲೆಯೇ ಮುಚ್ಚಿಟ್ಟ ಹೆಸರನ್ನೂ ಬೆಲೆಯನ್ನೂ ಬಿಚ್ಚಿ ನೋಡಬೇಕು. ಆಗ ಐದನೆಯ ಪ್ರಶ್ನೆ: ಬೆಲೆಯ ಅಂತರಕ್ಕೆ ಸಮನಾದ ಅಂತರ ರುಚಿಯಲ್ಲಿತ್ತೆ? ಹಲವರು ಈ ಹಂತದಲ್ಲಿ ತಾವು ಮೆಚ್ಚಿದ ಲೋಟ ಅಗ್ಗದ ಎವನ್ ವಿಲಿಯಮ್ಸಿನದೆಂದು ತಿಳಿದು ಪೆಚ್ಚಾಗುವುದುಂಟು. ಪೆಚ್ಚಾಗಬೇಕಾದ್ದಿಲ್ಲ, ಲಾಭವಾಯಿತೆಂದು ತಿಳಿಯಬೇಕು.

ಇನ್ನೊಂದು ಮಾತು ಉಳಿಯಿತು. ಹೆನ್ರಿ ಮೆಕೆನ್ನ ಒಂಟಿ ಪೀಪಾಯಿಯ ವಿಸ್ಕಿಯೆಂದು ಮೊದಲೇ ಹೇಳಿದೆ. ಒಂದು ಪೀಪಾಯಿಯಿಂದ ಇನ್ನೂರರ ಆಸುಪಾಸಿನ ಶೀಶೆಗಳು ತುಂಬಿದರೆ ಹೆಚ್ಚು. ಒಂದು ಉಗ್ರಾಣದ ಐದನೆಯ ಅಂತಸ್ತಿನಲ್ಲಿ ಮಾಗಿದ್ದಕ್ಕೂ ಬೇರೊಂದರ ಎರಡನೆಯ ಅಂತಸ್ತಿನಲ್ಲಿ ಮಾಗಿದ್ದಕ್ಕೂ ಅಣ್ಣತಮ್ಮಂದಿರ ಹೋಲಿಕೆಯಷ್ಟೇ ಇರಲು ಸಾಧ್ಯ. ಸ್ಯಾನ್‌ಫ್ರಾನ್ಸಿಸ್ಕೋದ ತೀರ್ಪುಗಾರರು ಪುರಸ್ಕರಿಸಿದ್ದು ತಮ್ಮ ಲೋಟಕ್ಕೆ ಬಿದ್ದ ಪೀಪಾಯಿಯನ್ನು. ಅವರನ್ನು ನಂಬಿ ಜನರು ದುಬಾರಿ ಬೆಲೆ ತೆತ್ತು ಕೊಂಡದ್ದಾದರೋ ಬಹುಮಟ್ಟಿಗೆ ಬೇರೆ ಪೀಪಾಯಿಗಳನ್ನು. ಪ್ರತ್ಯಕ್ಷವಾಗಿ ಹುಟ್ಟಿದ ತೀರ್ಪು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುವಷ್ಟರಲ್ಲಿ ಬರಿಯ ಶಬ್ದವಾಗಿಬಿಟ್ಟಿತ್ತು. ಈ ಮಾತು ನನ್ನ ಲೇಖನಕ್ಕೂ ಸಲ್ಲತಕ್ಕದ್ದೇ. ಕೊಪ್ಪರಿಗೆಯ ಅಂಚು, ಒಣಕೊಬ್ಬರಿ, ನೆಲ್ಲಿಕಾಯಿ ಎಂದು ನಾನು ಇಲ್ಲಿ ಬರೆದದ್ದೆಲ್ಲವೂ ಓದುಗರ ಪಾಲಿಗೆ ಕಾಡಿನವನು ಗವಯವನ್ನು ಕುರಿತು ಹೇಳಿದ ಮಾತು. ಕುಡಿಯದವರು ಅದನ್ನು ಕೇಳಿ ಅಲ್ಲಿಗೇ ಬಿಡಬಹುದು, ಅವರಿಗೆ ನಷ್ಟವೇನೂ ಇಲ್ಲ. ಕುಡಿಯುವವರು ಚೀಟಿಯ ಮೇಲಣ ಪೀಪಾಯಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡು, ನನ್ನ ಮಾತನ್ನು ಬದಿಗಿಟ್ಟು, ಮೂಗನ್ನು ಲೋಟದ ಕಡೆಗೆ ತಿರುಗಿಸಲಿ.